ಮೊದಲ ಫಾರಂ ತುಂಬುವ ಮುನ್ನ: ಕರಾವಳಿಯಲ್ಲಿ ಆರೋಗ್ಯ ಸಂಶೋಧನೆಗೆ ಇಳಿಯುವವರಿಗೆ

ಕಂಕನಾಡಿ, ದೇರಳಕಟ್ಟೆ, ಕೊಣಾಜೆ, ಮಣಿಪಾಲ. ಮಂಗಳೂರು, ಉಡುಪಿಯ ಆಸುಪಾಸಿನಲ್ಲಿ ವೈದ್ಯಕೀಯ ಕಾಲೇಜು, ವಿಶ್ವವಿದ್ಯಾಲಯಗಳಿರುವ ಈ ನಾಲ್ಕು ಹೆಸರುಗಳ ನಡುವೆ ಪ್ರತಿ ವರ್ಷ ನೂರಾರು ವಿದ್ಯಾರ್ಥಿಗಳು ಮೊದಲ ಬಾರಿಗೆ ಸಂಶೋಧನೆಗೆ ಕೈ ಹಾಕುತ್ತಾರೆ. ಎಂಡಿ, ಎಂಎಸ್ ಓದುವವರು, ನರ್ಸಿಂಗ್ ಮತ್ತು ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರರು, ಜೀವವಿಜ್ಞಾನದ ಎಂಎಸ್ಸಿಯವರು, ಪಿಎಚ್‌ಡಿಗೆ ಹೆಸರು ನೋಂದಾಯಿಸಿಕೊಂಡವರು ಹೀಗೆ ಎಲ್ಲರೂ ಇದ್ದಾರೆ. ಇವರಲ್ಲಿ ಹೆಚ್ಚಿನವರು ಸಲಹೆ ಕೇಳುವುದು ಮಾಹಿತಿ ಸಂಗ್ರಹ ಮುಗಿದ ಮೇಲೆ. ಎಕ್ಸೆಲ್ ಹಾಳೆ ತೆರೆದಿಟ್ಟು ‘ಇದಕ್ಕೆ ಯಾವ ಟೆಸ್ಟ್ ಹಾಕಬೇಕು ಸರ್?’ ಎನ್ನುತ್ತಾರೆ. ಅಷ್ಟು ಹೊತ್ತಿಗೆ ಅಧ್ಯಯನದ ಹಣೆಬರಹ ಬರೆದಾಗಿರುತ್ತದೆ. ಕೇಳದ ಪ್ರಶ್ನೆಗೆ ಯಾವ ಟೆಸ್ಟೂ ಉತ್ತರ ಕೊಡುವುದಿಲ್ಲ, ತಪ್ಪಾಗಿ ಅಳೆದದ್ದನ್ನು ಯಾವ ಸಾಫ್ಟ್‌ವೇರೂ ಸರಿ ಮಾಡುವುದಿಲ್ಲ. ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗ ಮೊದಲ ಫಾರಂ ತುಂಬುವ ಮುಂಚಿನ ಕೆಲಸದ ಬಗ್ಗೆಯೇ ಇದೆ. ಉದ್ದಕ್ಕೂ ಒಂದೇ ಉದಾಹರಣೆಯನ್ನು ಹಿಡಿದು ಹೋಗುತ್ತೇನೆ.

ವಿಷಯದಿಂದ ಪ್ರಶ್ನೆಗೆ

‘ಮಂಗಳೂರಿನಲ್ಲಿ ಮಲೇರಿಯಾ’ ಎಂಬುದು ವಿಷಯ. ಅದರ ಮೇಲೆ ಹತ್ತು ಜನ ಹತ್ತು ವರ್ಷ ಕೆಲಸ ಮಾಡಬಹುದು. ನಿಮ್ಮ ಕೈಯಲ್ಲಿರುವುದು ಒಂದೆರಡು ವರ್ಷ, ಅದೂ ಡ್ಯೂಟಿ ಮತ್ತು ಪರೀಕ್ಷೆಗಳ ನಡುವೆ. ವಿಷಯವನ್ನು ಕಿರಿದು ಮಾಡಲು ರೋಗದ ಒಳಗಿನ ಕಾರ್ಯಕಾರಣವನ್ನೇ ಹಿಡಿಯಿರಿ.

ವೈವಾಕ್ಸ್ ಎಂಬ ಬಗೆಯ ಮಲೇರಿಯಾದ ಪರಾವಲಂಬಿ ರಕ್ತದಲ್ಲಷ್ಟೇ ಇರುವುದಿಲ್ಲ, ಯಕೃತ್ತಿನಲ್ಲೂ ಸುಪ್ತವಾಗಿ ಅಡಗಿ ಕೂರುತ್ತದೆ. ಮೂರು ದಿನ ಕೊಡುವ ಕ್ಲೋರೋಕ್ವಿನ್ ರಕ್ತದಲ್ಲಿರುವುದನ್ನು ಕೊಲ್ಲುತ್ತದೆ. ಯಕೃತ್ತಿನಲ್ಲಿರುವುದಕ್ಕೆ ಪ್ರೈಮಾಕ್ವಿನ್ ಬೇಕು. ನಮ್ಮ ರಾಷ್ಟ್ರೀಯ ಚಿಕಿತ್ಸಾ ಕ್ರಮದ ಪ್ರಕಾರ ಅದನ್ನು 14 ದಿನ ನುಂಗಬೇಕು. ಜ್ವರವಾದರೋ ಎರಡು ಮೂರು ದಿನಗಳಲ್ಲಿ ಇಳಿದುಬಿಡುತ್ತದೆ. ಕಟ್ಟಡದ ಕೆಲಸಕ್ಕೆ ಬಂದವನು ದಿನಗೂಲಿ ಬಿಟ್ಟು ಶೆಡ್ಡಿನಲ್ಲಿ ಮಲಗಿರಲು ಆಗುವುದಿಲ್ಲ. ಮೈ ಹಗುರವಾಯಿತು, ಕೆಲಸಕ್ಕೆ ಹೊರಟ, ಮಾತ್ರೆ ಜೇಬಿನಲ್ಲೇ ಉಳಿಯಿತು. ಕೆಲವು ವಾರಗಳ, ಒಮ್ಮೊಮ್ಮೆ ತಿಂಗಳುಗಳ ಬಳಿಕ ಅದೇ ರೋಗ ಮರುಕಳಿಸುತ್ತದೆ. ಆ ಶೆಡ್ಡಿನ ಸುತ್ತ ಕಟ್ಟಡ ಕಾಮಗಾರಿಯ ನಿಂತ ನೀರಿರುತ್ತದೆ, ಅದರಲ್ಲಿ ಸೊಳ್ಳೆ ಇರುತ್ತದೆ, ಪಕ್ಕದಲ್ಲಿ ಇನ್ನೊಬ್ಬ ಮಲಗಿರುತ್ತಾನೆ.

ಇಲ್ಲಿಂದ ಪ್ರಶ್ನೆ ತಾನಾಗಿ ಮೂಡುತ್ತದೆ: ಮಂಗಳೂರು ನಗರದಲ್ಲಿ ವೈವಾಕ್ಸ್ ಮಲೇರಿಯಾ ಎಂದು ಪತ್ತೆಯಾದ ಕಟ್ಟಡ ಕಾರ್ಮಿಕರಲ್ಲಿ ಎಷ್ಟು ಮಂದಿ 14 ದಿನಗಳ ಪ್ರೈಮಾಕ್ವಿನ್ ಪೂರ್ತಿಗೊಳಿಸುತ್ತಾರೆ, ಬಿಟ್ಟವರು ಯಾವ ದಿನ ಬಿಟ್ಟರು? ಯಾರಲ್ಲಿ, ಎಲ್ಲಿ, ಏನನ್ನು, ಎಷ್ಟು ಕಾಲದಲ್ಲಿ ಎಂಬ ನಾಲ್ಕೂ ಇದರಲ್ಲಿ ಇವೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಪರೀಕ್ಷೆಗೂ ನಿಮ್ಮ ಪ್ರಶ್ನೆಯನ್ನು ಒಡ್ಡಿ. ಉತ್ತರ ಹೇಗೇ ಬಂದರೂ ಯಾರಾದರೂ ಏನಾದರೂ ಬೇರೆ ರೀತಿ ಮಾಡುತ್ತಾರೆಯೇ? ನೂರಕ್ಕೆ ತೊಂಬತ್ತು ಮಂದಿ ಮಾತ್ರೆ ಮುಗಿಸುತ್ತಾರೆ ಎಂದಾದರೆ ಮರುಕಳಿಕೆಗೆ ಬೇರೆ ಕಾರಣ ಹುಡುಕಬೇಕಾಗುತ್ತದೆ. ಹೆಚ್ಚಿನವರು ಐದನೆಯ ದಿನ ಬಿಡುತ್ತಾರೆ ಎಂದಾದರೆ ಆರೋಗ್ಯ ಕಾರ್ಯಕರ್ತರು ನಾಲ್ಕನೆಯ ದಿನ ಶೆಡ್ಡಿಗೆ ಹೋಗುವಂತೆ ಮಾಡಬಹುದು. ಎರಡೂ ಕಡೆಯ ಉತ್ತರಕ್ಕೆ ಉಪಯೋಗವಿದ್ದರೆ ಮುಂದುವರಿಯಿರಿ. ‘ಜ್ಞಾನ, ಮನೋಭಾವ ಮತ್ತು ಆಚರಣೆ’ ಎಂಬ ತಲೆಬರಹದ ಸಮೀಕ್ಷೆಗಳು ನಮ್ಮ ಗ್ರಂಥಾಲಯಗಳಲ್ಲಿ ಬೇಕಾದಷ್ಟಿವೆ. ಜನರಿಗೆ ತಿಳಿವಳಿಕೆ ಸಾಲದು, ಅರಿವು ಮೂಡಿಸಬೇಕು ಎಂಬ ಕೊನೆಯ ವಾಕ್ಯ ಅವುಗಳಲ್ಲಿ ಮೊದಲೇ ಬರೆದಂತಿರುತ್ತದೆ. ಅಂಥದ್ದನ್ನು ಇನ್ನೊಂದು ಮಾಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಓದುವುದು

ಹುಡುಕಾಟವನ್ನು ವೈದ್ಯಕೀಯ ಲೇಖನಗಳ ಸೂಚಿಯಾದ ಪಬ್‌ಮೆಡ್‌ನಿಂದ ಶುರು ಮಾಡಿ, ಅದು ಉಚಿತ. ಭಾರತದ ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ಇದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನವರಾದರೆ ಅದರ ಡಿಜಿಟಲ್ ಗ್ರಂಥಾಲಯ ಜಾಲವಾದ ಹೆಲಿನೆಟ್ ಮೂಲಕ ಅನೇಕ ಜರ್ನಲ್‌ಗಳು ಸಿಗುತ್ತವೆ. ಮಂಗಳೂರು ವಿಶ್ವವಿದ್ಯಾಲಯದಂತಹ ಸರ್ಕಾರಿ ಸಂಸ್ಥೆಯಲ್ಲಿರುವವರಿಗೆ 2025ರ ಜನವರಿಯಲ್ಲಿ ಆರಂಭವಾದ ‘ಒಂದು ರಾಷ್ಟ್ರ ಒಂದು ಚಂದಾದಾರಿಕೆ’ ಯೋಜನೆಯಿದೆ. 30 ಪ್ರಕಾಶನ ಸಂಸ್ಥೆಗಳ ಸುಮಾರು 13 ಸಾವಿರ ಜರ್ನಲ್‌ಗಳು ಅದರಲ್ಲಿವೆ. ಗ್ರಂಥಪಾಲಕರನ್ನು ಕೇಳಿ. ನಮ್ಮ ಕಾಲೇಜುಗಳಲ್ಲಿ ಅತಿ ಕಡಿಮೆ ಬಳಕೆಯಾಗುವ ತಜ್ಞರು ಅವರೇ.

ಓದುವಾಗ ಸಾರಾಂಶವನ್ನು ನಕಲು ಮಾಡಿಕೊಳ್ಳುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಪ್ರತಿ ಲೇಖನಕ್ಕೂ ಮೂರು ಸಂಗತಿಗಳನ್ನು ಬರೆದಿಟ್ಟುಕೊಳ್ಳಿ: ಎಷ್ಟು ಜನರಲ್ಲಿ ಎಷ್ಟು, ಹೇಗೆ ಅಳೆದರು, ಯಾರನ್ನು ಬಿಟ್ಟರು. ಮಾತ್ರೆ ಪೂರ್ತಿಗೊಳಿಸುವ ಬಗೆಗಿನ ಲೇಖನಗಳನ್ನು ಓದಿದರೆ ರೋಗಿಯ ಬಾಯಿಮಾತು ನಂಬಿದವರು, ಉಳಿದ ಮಾತ್ರೆ ಎಣಿಸಿದವರು, ಎದುರಿಗೇ ನುಂಗಿಸಿದವರು ಎಂಬ ಮೂರು ಬಗೆ ಕಾಣುತ್ತದೆ. ಅವರ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವಂತಿಲ್ಲ. ಇದು ಮನಸ್ಸಿಗೆ ಬಂದರೆ ನಿಮ್ಮ ಸಾಹಿತ್ಯ ವಿಮರ್ಶೆಯ ಅರ್ಧ ಭಾಗ ಸಿದ್ಧವಾಯಿತು.

ಉಲ್ಲೇಖಗಳನ್ನು ಮೊದಲ ದಿನದಿಂದಲೇ ಜೊಟೆರೊ ಅಥವಾ ಮೆಂಡಲಿಯಂಥ ಉಲ್ಲೇಖ ಜೋಡಿಸಿಡುವ ಸಾಫ್ಟ್‌ವೇರ್‌ನಲ್ಲಿ ಹಾಕಿಡಿ. ಕೃತಕ ಬುದ್ಧಿಮತ್ತೆಯ ಸಾಧನಗಳು ಇಲ್ಲದ ಲೇಖನಗಳನ್ನು ಹೆಸರು, ವರ್ಷ, ಸಂಪುಟ ಸಹಿತ ಸೃಷ್ಟಿಸಿ ಕೊಡುವುದುಂಟು. ನೀವೇ ತೆರೆದು ನೋಡದ ಒಂದು ಲೇಖನವೂ ನಿಮ್ಮ ಪಟ್ಟಿಯಲ್ಲಿ ಇರಕೂಡದು.

ಎಷ್ಟು ಜನ ಬೇಕು

ಸ್ಯಾಂಪಲ್ ಸೈಜ್ ಎಂದರೆ ಬಹಳ ಜನರಿಗೆ ಭಯ. ಪ್ರಮಾಣವನ್ನು ಅಳೆಯುವ ಸರಳ ಅಧ್ಯಯನಕ್ಕೆ ಸೂತ್ರ ಕಷ್ಟದ್ದೇನಲ್ಲ. ಶೇಕಡ 95 ವಿಶ್ವಾಸಮಟ್ಟಕ್ಕೆ ಬಳಸುವ 1.96ರ ವರ್ಗವಾದ 3.84ನ್ನು ನಿರೀಕ್ಷಿತ ಪ್ರಮಾಣದಿಂದ ಗುಣಿಸಿ, ಒಂದರಿಂದ ಆ ಪ್ರಮಾಣ ಕಳೆದು ಉಳಿದದ್ದರಿಂದ ಮತ್ತೆ ಗುಣಿಸಿ, ನೀವು ಒಪ್ಪುವ ತಪ್ಪಿನ ಅಂತರದ ವರ್ಗದಿಂದ ಭಾಗಿಸಿ. ಎಷ್ಟು ಮಂದಿ ಮಾತ್ರೆ ಮುಗಿಸುತ್ತಾರೆ ಎಂಬ ಅಂದಾಜೇ ಇಲ್ಲದಿದ್ದರೆ ಶೇಕಡ 50 ಎಂದು ಹಿಡಿಯಿರಿ, ಅತಿ ದೊಡ್ಡ ಸಂಖ್ಯೆ ಬರುವುದು ಅದಕ್ಕೇ. ತಪ್ಪಿನ ಅಂತರ ಶೇಕಡ 5 ಆದರೆ 384 ಮಂದಿ ಬೇಕು. ಶೇಕಡ 7 ಸಾಕೆಂದರೆ 196. ಶೇಕಡ 10 ಆದರೆ 96.

ಈ ಮೂರರಲ್ಲಿ ಯಾವುದನ್ನು ಆರಿಸುವುದು? ಲೆಕ್ಕಕ್ಕೆ ಕೂರುವ ಮೊದಲು ಜಿಲ್ಲಾ ರೋಗವಾಹಕ ಆಶ್ರಿತ ರೋಗಗಳ ನಿಯಂತ್ರಣಾಧಿಕಾರಿಯವರ ಕಚೇರಿಗೆ ಹೋಗಿ ಕಳೆದ ವರ್ಷ ನಗರದಲ್ಲಿ ಎಷ್ಟು ವೈವಾಕ್ಸ್ ಪ್ರಕರಣಗಳಿದ್ದವು, ಅವರಲ್ಲಿ ಕಟ್ಟಡ ಕಾರ್ಮಿಕರು ಎಷ್ಟು ಎಂದು ಕೇಳಿ. ಸಿಗುವವರೇ ಇನ್ನೂರೈವತ್ತು ಮಂದಿ ಎಂದಾದರೆ 384ರ ಕನಸು ಕಾಣುವುದರಲ್ಲಿ ಅರ್ಥವಿಲ್ಲ. 196 ಎಂದು ಇಟ್ಟುಕೊಂಡು, ಹತ್ತರಲ್ಲಿ ಒಬ್ಬರು ಮತ್ತೆ ಸಿಗುವುದಿಲ್ಲ ಎಂದು ಸೇರಿಸಿದರೆ 218 ಆಗುತ್ತದೆ. ಪಾಲಿಸಬೇಕಾದ ಅಂಕಿ ಇದು. ಪ್ರೈಮಾಕ್ವಿನ್ ಕೊಡಬಾರದವರು, ಅಂದರೆ ಗರ್ಭಿಣಿಯರು ಮತ್ತು ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರು, ಮೊದಲೇ ಈ ಲೆಕ್ಕದಿಂದ ಹೊರಗೆ.

ಸಿಗದೆ ಹೋಗುವವರ ಬಗ್ಗೆ ಸ್ವಲ್ಪ ನಿಂತು ಯೋಚಿಸಿ. ವಲಸೆ ಕಾರ್ಮಿಕ ಒಂದು ಸೈಟ್ ಮುಗಿದರೆ ಇನ್ನೊಂದಕ್ಕೆ ಹೋಗುತ್ತಾನೆ, ಇಲ್ಲವೇ ಊರಿಗೆ ರೈಲು ಹತ್ತುತ್ತಾನೆ. ಹದಿನೈದನೆಯ ದಿನ ನೀವು ಹೋದಾಗ ಅವನಿರುವುದಿಲ್ಲ. ಹೀಗೆ ಕೈ ತಪ್ಪಿದವರೇ ಮಾತ್ರೆ ಬಿಟ್ಟವರೂ ಆಗಿರುವ ಸಾಧ್ಯತೆ ಹೆಚ್ಚು. ಉದಾಹರಣೆಗೆ 218 ಮಂದಿಯಲ್ಲಿ 196 ಮಂದಿ ಸಿಕ್ಕಿ, ಅವರಲ್ಲಿ 147 ಮಂದಿ ಪೂರ್ತಿಗೊಳಿಸಿದ್ದರೆ ಶೇಕಡ 75 ಎಂದು ಬರೆಯಲು ಕೈ ತವಕಿಸುತ್ತದೆ. ಸಿಗದ 22 ಮಂದಿಯೂ ಬಿಟ್ಟಿದ್ದರೆ ಅದು ಶೇಕಡ 67ಕ್ಕೆ ಇಳಿಯುತ್ತದೆ. ಅವರೆಲ್ಲರೂ ಮುಗಿಸಿದ್ದರೆ ಸುಮಾರು 78. ಪ್ರಬಂಧದಲ್ಲಿ ಈ ಮೂರನ್ನೂ ಬರೆಯಿರಿ. ಪರೀಕ್ಷಕರು ಮೆಚ್ಚುತ್ತಾರೋ ಇಲ್ಲವೋ, ಓದುವ ಆರೋಗ್ಯಾಧಿಕಾರಿಗೆ ನೀವು ಸತ್ಯ ಹೇಳಿದಂತಾಗುತ್ತದೆ.

ಎಥಿಕ್ಸ್ ಕಮಿಟಿ ಮತ್ತು ಇತರ ಅನುಮತಿಗಳು

ಮನುಷ್ಯರ ಮೇಲಿನ ಯಾವುದೇ ಅಧ್ಯಯನ ಸಾಂಸ್ಥಿಕ ಎಥಿಕ್ಸ್ ಕಮಿಟಿಯ ಒಪ್ಪಿಗೆಯಿಲ್ಲದೆ ಆರಂಭವಾಗಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ರಾಷ್ಟ್ರೀಯ ಮಾರ್ಗಸೂಚಿ ಇದಕ್ಕೆ ಆಧಾರ. ಕಮಿಟಿಯಲ್ಲಿ ಕನಿಷ್ಠ ಏಳು ಮಂದಿ ಇರಬೇಕು, ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು, ಕಾನೂನು ಬಲ್ಲವರೊಬ್ಬರು ಮತ್ತು ಸಾಮಾನ್ಯ ನಾಗರಿಕರೊಬ್ಬರು ಇರಲೇಬೇಕು. ಪ್ರೊಟೊಕಾಲ್, ಅಂದರೆ ಅಧ್ಯಯನದ ಪೂರ್ತಿ ಯೋಜನೆ, ಬರೆಯುವಾಗ ಆ ಸಾಮಾನ್ಯ ನಾಗರಿಕರನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ಅವರಿಗೆ ಅರ್ಥವಾಗದ ಪುಟ ನಿಮಗೂ ಪೂರ್ತಿ ಅರ್ಥವಾಗಿಲ್ಲ ಎಂದೇ ತಿಳಿಯಿರಿ.

ಪರಿಶೀಲನೆ ಮೂರು ಬಗೆ: ವಿನಾಯಿತಿ, ತ್ವರಿತ ಪರಿಶೀಲನೆ, ಪೂರ್ಣ ಸಭೆಯ ಪರಿಶೀಲನೆ. ‘ನನ್ನದು ಬರೀ ಪ್ರಶ್ನಾವಳಿ, ವಿನಾಯಿತಿ ಸಿಗುತ್ತದೆ’ ಎಂದು ನೀವೇ ತೀರ್ಮಾನಿಸುವಂತಿಲ್ಲ. ಅರ್ಜಿ ಹಾಕಬೇಕು, ಅವರು ಹೇಳಬೇಕು. ಕೆಲಸ ಮುಗಿದ ಮೇಲೆ ಹಿಂದಿನ ತಾರೀಕಿಗೆ ಅನುಮತಿ ಕೊಡುವ ಪದ್ಧತಿ ಎಲ್ಲೂ ಇಲ್ಲ, ಕೇಳಲೂ ಬಾರದು.

ಔಷಧ, ವ್ಯಾಯಾಮ, ಸಮಾಲೋಚನೆ ಹೀಗೆ ಏನನ್ನಾದರೂ ಕೊಟ್ಟು ಪರಿಣಾಮ ನೋಡುವುದಾದರೆ ಸಿಟಿಆರ್‌ಐ ಎಂಬ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಿಸಬೇಕು. 2018ರ ಏಪ್ರಿಲ್ 1ರಿಂದ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ನೋಂದಣಿ ಆಗಬೇಕು ಎಂಬ ನಿಯಮವಿದೆ. ಸ್ನಾತಕೋತ್ತರ ಪ್ರಬಂಧಕ್ಕೂ ಇದು ಅನ್ವಯ. ಶುಲ್ಕವಿಲ್ಲ.

ನಮ್ಮ ಉದಾಹರಣೆಗೆ ಇನ್ನೂ ಕೆಲವು ಪತ್ರಗಳು ಬೇಕು. ವೆನ್ಲಾಕ್ ಆಸ್ಪತ್ರೆಯ ರೋಗಿಗಳನ್ನು ಸೇರಿಸುವುದಾದರೆ ಅಲ್ಲಿನ ಆಡಳಿತದ ಅನುಮತಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಪಟ್ಟಿ ಬೇಕಾದರೆ ಜಿಲ್ಲಾ ಆರೋಗ್ಯಾಧಿಕಾರಿಯವರ ಪತ್ರ. ಕಮಿಟಿಯ ಅರ್ಜಿಯ ಜೊತೆಜೊತೆಗೇ ಇವನ್ನೂ ಕಳುಹಿಸಿ, ಒಂದಾದ ಮೇಲೊಂದು ಎಂದು ಕಾದರೆ ಮಳೆಗಾಲ ಕಳೆದುಹೋಗುತ್ತದೆ.

ಜೀವವಿಜ್ಞಾನದವರಿಗೆ ದಾರಿ ಬೇರೆ. ಇಲಿ, ಮೊಲಗಳ ಮೇಲಿನ ಪ್ರಯೋಗಕ್ಕೆ ಪ್ರಾಣಿ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು. ಕುದುರೆಮುಖ ರಾಷ್ಟ್ರೀಯ ಉದ್ಯಾನ ಅಥವಾ ಸೋಮೇಶ್ವರ ಅಭಯಾರಣ್ಯದೊಳಗೆ ಕಪ್ಪೆ, ಶಿಲೀಂಧ್ರ, ಗಿಡ ಏನನ್ನೇ ಸಂಗ್ರಹಿಸುವುದಾದರೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ವಿದೇಶಿ ಪ್ರಯೋಗಾಲಯಕ್ಕೆ ಮಾದರಿ ಕಳುಹಿಸುವ ಯೋಚನೆಯಿದ್ದರೆ ಜೈವಿಕ ವೈವಿಧ್ಯ ಕಾಯ್ದೆಯ ನಿಯಮಗಳನ್ನು ಮೊದಲೇ ಗೈಡ್ ಜೊತೆ ಕೂತು ಓದಿ. ಸಂಗ್ರಹಿಸಿದ ಮೇಲೆ ಅನುಮತಿ ಹುಡುಕುವ ಕೆಲಸಕ್ಕೆ ಹೋಗಬೇಡಿ.

ಒಪ್ಪಿಗೆ ಪತ್ರ

ಹೆಚ್ಚಿನ ಒಪ್ಪಿಗೆ ಪತ್ರಗಳಲ್ಲಿ ಇಂಥ ವಾಕ್ಯ ಇರುತ್ತದೆ: ‘ಸದರಿ ಅಧ್ಯಯನದಲ್ಲಿ ಭಾಗವಹಿಸುವಿಕೆಯು ಸಂಪೂರ್ಣ ಐಚ್ಛಿಕವಾಗಿದ್ದು, ಯಾವುದೇ ಸಂದರ್ಭದಲ್ಲಿ ಯಾವುದೇ ಕಾರಣ ನೀಡದೆ ಹಿಂದೆ ಸರಿಯುವ ಹಕ್ಕನ್ನು ತಾವು ಹೊಂದಿರುತ್ತೀರಿ.’ ಕಾನೂನಿಗೆ ಸರಿ. ಜ್ವರದಿಂದ ಎದ್ದು ಕೂತವನಿಗೆ ಏನೂ ತಿಳಿಯುವುದಿಲ್ಲ. ಅದನ್ನೇ ಹೀಗೆ ಬರೆಯಿರಿ: ‘ನೀವು ಇದರಲ್ಲಿ ಸೇರಲೇಬೇಕೆಂದಿಲ್ಲ. ಬೇಡ ಎಂದರೆ ನಿಮಗೆ ಸಿಗುವ ಔಷಧದಲ್ಲಿ, ನೋಡಿಕೊಳ್ಳುವುದರಲ್ಲಿ ಏನೂ ಬದಲಾಗುವುದಿಲ್ಲ. ನಡುವೆ ಬೇಡ ಅನ್ನಿಸಿದರೆ ನಿಲ್ಲಿಸಿ ಎನ್ನಿ. ಏಕೆ ಎಂದು ನಾವು ಕೇಳುವುದಿಲ್ಲ.’ ಬರೆದದ್ದನ್ನು ವಾರ್ಡಿನ ಆಯಾ ಅಥವಾ ಹಾಸ್ಟೆಲಿನ ಅಡುಗೆಯವರಿಗೆ ಓದಿ ಹೇಳಿ, ಅವರು ತಮ್ಮ ಮಾತಿನಲ್ಲಿ ತಿರುಗಿ ಹೇಳಲಿ. ಎಲ್ಲಿ ತಡವರಿಸುತ್ತಾರೋ ಆ ಸಾಲು ತಿದ್ದಬೇಕಾದದ್ದು.

ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ತುಳು, ಕನ್ನಡ, ಕೊಂಕಣಿ, ಬ್ಯಾರಿ, ಕುಂದಾಪುರದ ಕಡೆಯ ಕನ್ನಡ ಎಲ್ಲವೂ ಒಂದೇ ಒಪಿಡಿ ಸಾಲಿನಲ್ಲಿ ನಿಂತಿರುತ್ತವೆ. ಪತ್ರ ಕನ್ನಡದಲ್ಲಿದ್ದರೂ ವಿವರಿಸುವವರು ಆ ಮನೆಯ ಮಾತು ಬಲ್ಲವರಾಗಿರಲಿ. ಕಟ್ಟಡದ ಶೆಡ್ಡುಗಳಲ್ಲಂತೂ ಬಾಗಲಕೋಟೆ, ಕೊಪ್ಪಳದವರ ಜೊತೆ ಬಿಹಾರ, ಒಡಿಶಾ, ಬಂಗಾಳದವರೂ ಇರುತ್ತಾರೆ. ಹಿಂದಿ, ಬಾಂಗ್ಲಾ, ಒಡಿಯಾ ಪ್ರತಿಗಳನ್ನು ಮಾಡಿಸಿ, ಅವನ್ನೂ ಕಮಿಟಿಗೆ ಸಲ್ಲಿಸಿ. ಓದು ಬಾರದವರ ಹೆಬ್ಬೆಟ್ಟು ಹಾಕಿಸುವಾಗ ಓದು ಬಲ್ಲ, ನಿಮ್ಮ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಪೂರ್ತಿ ವಿವರಣೆ ಕೇಳಿ ಸಹಿ ಮಾಡಬೇಕು. ಮಕ್ಕಳನ್ನು ಸೇರಿಸುವುದಾದರೆ ತಂದೆ ತಾಯಿಯರ ಒಪ್ಪಿಗೆಯ ಜೊತೆಗೆ ಮಗುವಿನ ಸಮ್ಮತಿಯೂ ಬೇಕು: 7ರಿಂದ 11 ವರ್ಷದವರಿಂದ ಮಾತಿನಲ್ಲಿ, 12 ದಾಟಿದವರಿಂದ ಬರಹದಲ್ಲಿ.

ಇನ್ನೊಂದನ್ನು ಒತ್ತಿ ಹೇಳಬೇಕು. ಸೈಟಿಗೆ ಕಾಲಿಡಲು ಗುತ್ತಿಗೆದಾರರ ಅನುಮತಿ ಬೇಕು, ನಿಜ. ಆದರೆ ಗುತ್ತಿಗೆದಾರರು ‘ನಮ್ಮ ಹುಡುಗರು ಎಲ್ಲರೂ ಕೊಡುತ್ತಾರೆ, ಬರೆದುಕೊಳ್ಳಿ’ ಎಂದರೆ ಅದು ಒಪ್ಪಿಗೆಯಲ್ಲ. ಮೇಸ್ತ್ರಿ ಪಕ್ಕದಲ್ಲಿ ನಿಂತಿರುವಾಗ ಬೇಡ ಎನ್ನಲು ಯಾರಿಗೂ ಧೈರ್ಯ ಬರುವುದಿಲ್ಲ. ಕೆಲಸ ಬಿಟ್ಟ ಮೇಲೆ, ಶೆಡ್ಡಿನ ಹೊರಗೆ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿ. ಯಾರು ಒಪ್ಪಲಿಲ್ಲ ಎಂಬುದು ಮೇಸ್ತ್ರಿಗೆ ಎಂದೂ ತಿಳಿಯಬಾರದು.

ಕರಾವಳಿಯ ಕ್ಯಾಲೆಂಡರ್

ಅಧ್ಯಯನದ ಆರಂಭಿಕ ಪ್ರಸ್ತಾವವಾದ ಸಿನಾಪ್ಸಿಸ್‌ನಲ್ಲಿ ‘ಮಾಹಿತಿ ಸಂಗ್ರಹ: ಆರು ತಿಂಗಳು’ ಎಂದು ಬರೆದರೆ ಸಾಲದು, ಯಾವ ಆರು ತಿಂಗಳು ಎಂಬುದು ಮುಖ್ಯ. ಇಲ್ಲಿ ಮಲೇರಿಯಾ ಏರುವುದು ಮಳೆ ಹಿಡಿದ ಮೇಲೆ. ಆದ್ದರಿಂದ ಎಲ್ಲ ಅನುಮತಿಗಳೂ ಮೇ ತಿಂಗಳೊಳಗೆ ಕೈಯಲ್ಲಿರಬೇಕು. ಮಲ್ಪೆ ಅಥವಾ ಮಂಗಳೂರು ದಕ್ಕೆಯ ಮೀನುಗಾರರ ಮೇಲೆ ಅಧ್ಯಯನ ಮಾಡುವವರಿಗೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧ ದೊಡ್ಡ ವಿಷಯ. ಸ್ಥಳೀಯ ಮೀನುಗಾರರು ಮನೆಯಲ್ಲಿ ಸಿಗುತ್ತಾರೆ, ಹೊರರಾಜ್ಯದ ಬೋಟ್ ಕಾರ್ಮಿಕರು ಊರಿಗೆ ಹೋಗಿರುತ್ತಾರೆ. ಯಾರು ಬೇಕು ಎಂಬುದರ ಮೇಲೆ ತಿಂಗಳು ನಿರ್ಧರಿಸಿ. ಬೀಡಿ ಕಟ್ಟುವ ಮಹಿಳೆಯರ ಮನೆಗೆ ಬ್ರಾಂಚಿಗೆ ಬೀಡಿ ಕೊಡುವ ದಿನ ಬೆಳಿಗ್ಗೆ ಹೋದರೆ ಅವರ ಆ ದಿನದ ದುಡಿಮೆಗೆ ಕಲ್ಲು ಹಾಕಿದಂತೆ. ರಂಜಾನ್ ತಿಂಗಳಲ್ಲಿ ಉಪವಾಸವಿರುವವರ ಸಕ್ಕರೆ ಪ್ರಮಾಣ, ಔಷಧ ನುಂಗುವ ಹೊತ್ತು ಬದಲಾಗಿರುತ್ತವೆ. ಸಮ ವರ್ಷಗಳ ಜನವರಿ 18ರ ಆಸುಪಾಸು ಉಡುಪಿ ಪೇಟೆಯಲ್ಲಿ ಕೃಷ್ಣ ಮಠದ ಪರ್ಯಾಯೋತ್ಸವದ ಗದ್ದಲದಲ್ಲಿ ಮನೆಮನೆ ಸಮೀಕ್ಷೆ ನಡೆಯುವುದಿಲ್ಲ.

ಆಶಾ ಕಾರ್ಯಕರ್ತೆಯರ ನೆರವು ಪಡೆಯುವಾಗ ಅವರ ಸಮಯಕ್ಕೆ ತಕ್ಕ ಗೌರವಧನವನ್ನು ಬಜೆಟ್ಟಿನಲ್ಲೇ ತೋರಿಸಿ. ಅವರ ಮೇಲೆ ಈಗಾಗಲೇ ಇರುವ ಸಮೀಕ್ಷೆಗಳ ಹೊರೆ ಸಾಮಾನ್ಯವಾದದ್ದಲ್ಲ.

ಪ್ರಶ್ನೆ ಕೇಳುವ ಬಗೆ

‘ನೀವು ಎಲ್ಲ ಮಾತ್ರೆಗಳನ್ನೂ ತೆಗೆದುಕೊಂಡಿರಾ?’ ಎಂದು ಬಿಳಿ ಕೋಟು ಹಾಕಿದವರು ಕೇಳಿದರೆ ಬರುವ ಉತ್ತರ ಹೌದು. ಅದು ಸುಳ್ಳು ಹೇಳುವ ಉದ್ದೇಶದಿಂದಲ್ಲ, ಮರ್ಯಾದೆಗಾಗಿ. ಕೋಟು ಬಿಚ್ಚಿಟ್ಟು ಹೋಗಿ. ಪ್ರಶ್ನೆಯನ್ನು ಹೀಗೆ ಬಿಡಿಸಿ: ‘ತುಂಬಾ ಜನರಿಗೆ ಜ್ವರ ಬಿಟ್ಟ ಮೇಲೆ ಮಾತ್ರೆ ಮರೆತುಹೋಗುತ್ತದೆ. ನೀವು ಕೊನೆಯ ಮಾತ್ರೆ ನುಂಗಿದ್ದು ಯಾವ ದಿನ? ಅಂದು ಕೆಲಸಕ್ಕೆ ಹೋಗಿದ್ದಿರಾ? ಊಟಕ್ಕೆ ಮೊದಲೋ ನಂತರವೋ? ಮಾತ್ರೆಯ ಸ್ಟ್ರಿಪ್ ಇದ್ದರೆ ತೋರಿಸುತ್ತೀರಾ?’ ಸ್ಟ್ರಿಪ್ಪಿನಲ್ಲಿ ಉಳಿದ ಮಾತ್ರೆ ಎಣಿಸಿ ಬರೆಯಿರಿ. ಬಾಯಿಮಾತಿನ ಉತ್ತರ ಒಂದು ಕಾಲಂ, ಎಣಿಕೆ ಇನ್ನೊಂದು ಕಾಲಂ. ಎರಡರ ನಡುವಿನ ಅಂತರವೇ ನಿಮ್ಮ ಪ್ರಬಂಧದ ಅತ್ಯಂತ ಉಪಯುಕ್ತ ಕೋಷ್ಟಕವಾಗಬಹುದು.

ಮಾತ್ರೆ ಬಿಟ್ಟವನು ಸಿಕ್ಕಾಗ ಏನು ಮಾಡುತ್ತೀರಿ? ಬರೆದುಕೊಂಡು ಹೊರಟುಬಿಡುವುದು ಅನ್ಯಾಯ. ಯಾವ ಆರೋಗ್ಯ ಕೇಂದ್ರಕ್ಕೆ, ಯಾರಿಗೆ ತಿಳಿಸುತ್ತೀರಿ ಎಂಬುದು ಪ್ರೊಟೊಕಾಲ್‌ನಲ್ಲೇ ಇರಲಿ, ಹಾಗೆ ತಿಳಿಸುತ್ತೇವೆ ಎಂಬುದು ಒಪ್ಪಿಗೆ ಪತ್ರದಲ್ಲೂ ಇರಲಿ. ಮಾತ್ರೆ ನುಂಗುತ್ತಿರುವಾಗ ಮೂತ್ರ ಕಪ್ಪಗೆ ಹೋಗುತ್ತಿದೆ ಎಂದು ಯಾರಾದರೂ ಹೇಳಿದರೆ ಅದು ಜಿ6ಪಿಡಿ ಕೊರತೆಯಿಂದ ಕೆಂಪು ರಕ್ತಕಣಗಳು ಒಡೆಯುತ್ತಿರುವ ಲಕ್ಷಣ ಆಗಿರಬಹುದು. ಪ್ರಶ್ನಾವಳಿ ಬದಿಗಿಟ್ಟು, ಮಾತ್ರೆ ನಿಲ್ಲಿಸಲು ಹೇಳಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಮಾಹಿತಿ ಸಂಗ್ರಹಿಸುವ ಪ್ರತಿಯೊಬ್ಬರಿಗೂ ಇದನ್ನು ಮೊದಲ ದಿನವೇ ಕಲಿಸಿ.

ಪ್ರಶ್ನಾವಳಿಯನ್ನು ನಿಮ್ಮ ಅಧ್ಯಯನಕ್ಕೆ ಸೇರದ ಹತ್ತು ಹನ್ನೆರಡು ಮಂದಿಯ ಮೇಲೆ ಮೊದಲು ಪ್ರಯೋಗಿಸಿ, ಗಡಿಯಾರ ನೋಡಿ. ಇಪ್ಪತ್ತು ನಿಮಿಷ ಮೀರಿದರೆ ಕತ್ತರಿ ಹಾಕಿ. ಯಾವ ಪ್ರಶ್ನೆಯ ಉತ್ತರ ಯಾವ ಕೋಷ್ಟಕಕ್ಕೆ ಹೋಗುತ್ತದೆ ಎಂದು ಹೇಳಲಾಗದಿದ್ದರೆ ಆ ಪ್ರಶ್ನೆಯನ್ನು ತೆಗೆದುಬಿಡಿ. ಅದಕ್ಕಾಗಿ ಮೊದಲೇ ಖಾಲಿ ಕೋಷ್ಟಕಗಳನ್ನು ಬರೆದಿಟ್ಟುಕೊಳ್ಳಬೇಕು. ತಲೆಬರಹ, ಸಾಲು, ಕಾಲಂ ಎಲ್ಲವೂ ಇರುತ್ತವೆ, ಅಂಕಿಗಳು ಮಾತ್ರ ಇರುವುದಿಲ್ಲ.

ಹಾಳೆಯಿಂದ ಕಂಪ್ಯೂಟರಿಗೆ

ಹೆಸರು, ಫೋನ್ ಸಂಖ್ಯೆ ಇರುವ ಪಟ್ಟಿ ಬೇರೆ, ಉತ್ತರಗಳಿರುವ ಫೈಲ್ ಬೇರೆ. ಎರಡನ್ನೂ ಜೋಡಿಸುವುದು ಒಂದು ಕೋಡ್ ಸಂಖ್ಯೆ ಮಾತ್ರ, ಆ ಪಟ್ಟಿ ಬೀಗದೊಳಗಿರಲಿ. ಕೇಸ್ ಶೀಟಿನ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಅಭ್ಯಾಸವನ್ನು ಇಂದೇ ಬಿಡಿ.

ಒಂದು ಸಾಲಿಗೆ ಒಬ್ಬ ವ್ಯಕ್ತಿ, ಒಂದು ಕಾಲಂಗೆ ಒಂದು ಸಂಗತಿ. ಸೊನ್ನೆ ಮತ್ತು ಖಾಲಿ ಒಂದೇ ಅಲ್ಲ: ಒಂದೂ ಮಾತ್ರೆ ಉಳಿದಿಲ್ಲ ಎಂಬುದು ಸೊನ್ನೆ, ಸ್ಟ್ರಿಪ್ ಸಿಗಲಿಲ್ಲ ಎಂಬುದು ಖಾಲಿ. ಖಾಲಿಗೆ ಒಂದು ನಿಶ್ಚಿತ ಕೋಡ್ ಕೊಡಿ. ತಾರೀಕುಗಳ ವಿಷಯದಲ್ಲಿ ಎಕ್ಸೆಲ್ ಬಹಳ ಸ್ವತಂತ್ರ. 5/6 ಎಂದರೆ ಜೂನ್ 5ರ ಬದಲು ಮೇ 6 ಎಂದು ಓದಬಹುದು. ಜೀವವಿಜ್ಞಾನದವರು ಇದರಿಂದ ಪಟ್ಟ ಪಾಡು ದೊಡ್ಡದು. ಮಾರ್ಚ್1, ಸೆಪ್ಟ್1 ಎಂಬ ಹೆಸರಿನ ಜೀನ್‌ಗಳನ್ನು ಎಕ್ಸೆಲ್ ತಾರೀಕುಗಳಾಗಿ ಬದಲಿಸುತ್ತಿತ್ತು. ಕೊನೆಗೆ ಮಾನವ ಜೀನ್‌ಗಳ ಹೆಸರಿಡುವ ಸಮಿತಿಯೇ ಆ ಜೀನ್‌ಗಳಿಗೆ ಮಾರ್ಚ್‌ಎಫ್1, ಸೆಪ್ಟಿನ್1 ಎಂದು ಹೊಸ ಹೆಸರು ಕೊಟ್ಟಿತು. ಸಂಬಂಧಪಟ್ಟ ಮಾರ್ಗಸೂಚಿ ಪ್ರಕಟವಾದದ್ದು 2020ರಲ್ಲಿ. ತಾರೀಕಿನ ಕಾಲಂ ಅನ್ನು ದಿನ, ತಿಂಗಳು, ವರ್ಷ ಎಂದು ಮೂರಾಗಿ ಒಡೆದರೆ ತೊಂದರೆಯೇ ಇಲ್ಲ.

ವಿಶ್ಲೇಷಣೆಗೆ ಜಮೋವಿ ಅಥವಾ ಆರ್ ಎಂಬ ಸಾಫ್ಟ್‌ವೇರ್ ಸಾಕು, ಎರಡೂ ಉಚಿತ. ಮುಖ್ಯ ಫಲಿತಾಂಶ ಯಾವುದು ಎಂದು ಪ್ರೊಟೊಕಾಲ್‌ನಲ್ಲಿ ಬರೆದಿದ್ದೀರೋ ಅದನ್ನೇ ಮೊದಲು ಮಾಡಿ. ಮೂವತ್ತು ಸಂಬಂಧಗಳನ್ನು ಪರೀಕ್ಷಿಸಿ, ಪಿ ಮೌಲ್ಯ (ಸಂಬಂಧವೇ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಾಧ್ಯತೆ) 0.05ಕ್ಕಿಂತ ಕಡಿಮೆ ಬಂದ ಎರಡನ್ನು ಮಾತ್ರ ಹೇಳುವುದು ಓದುಗರಿಗೆ ಮಾಡುವ ಮೋಸ. ಅಷ್ಟು ಪರೀಕ್ಷಿಸಿದರೆ ಒಂದೆರಡು ಆಕಸ್ಮಿಕವಾಗಿಯೇ ಬರುತ್ತವೆ.

ಬರಹ, ಹೆಸರು, ಜರ್ನಲ್

ಇಂಥ ವೀಕ್ಷಣಾ ಅಧ್ಯಯನಕ್ಕೆ ಸ್ಟ್ರೋಬ್ ಎಂಬ 22 ಅಂಶಗಳ ಪಟ್ಟಿ ಇದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಬರೆದರೆ ಬಿಟ್ಟುಹೋಗುವುದು ಕಡಿಮೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯಲ್ಲಿ ಶೇಕಡ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಹಾಗೆಂದು ಸಾಫ್ಟ್‌ವೇರ್ ತೋರಿಸುವ ಅಂಕಿ ಇಳಿಸಲು ಪದಗಳನ್ನು ಅದಲುಬದಲು ಮಾಡುವುದು ಬರವಣಿಗೆಯಲ್ಲ. ಲೇಖನವನ್ನು ಮುಚ್ಚಿಟ್ಟು, ನೆನಪಿನಿಂದ ನಿಮ್ಮ ಮಾತಿನಲ್ಲಿ ಬರೆಯಿರಿ, ಆಮೇಲೆ ಅಂಕಿ ಸರಿ ನೋಡಿ.

ಯಾರ ಹೆಸರು ಹಾಕಬೇಕು ಎಂಬುದು ಬಹಳ ವಿದ್ಯಾರ್ಥಿಗಳಿಗೆ ನುಂಗಲಾರದ ತುತ್ತು. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಾಲ್ಕು ಷರತ್ತುಗಳು ಸ್ಪಷ್ಟವಾಗಿವೆ: ಅಧ್ಯಯನದ ಯೋಜನೆ, ಮಾಹಿತಿ ಸಂಗ್ರಹ ಅಥವಾ ವಿಶ್ಲೇಷಣೆಯಲ್ಲಿ ಗಣನೀಯ ಪಾಲು, ಕರಡು ಬರೆಯುವುದು ಅಥವಾ ವಿಮರ್ಶಾತ್ಮಕವಾಗಿ ತಿದ್ದುವುದು, ಅಂತಿಮ ಪ್ರತಿಗೆ ಒಪ್ಪಿಗೆ, ಇಡೀ ಕೆಲಸಕ್ಕೆ ಹೊಣೆ. ನಾಲ್ಕೂ ಇರಬೇಕು. ಉಪಕರಣ ಕೊಟ್ಟವರಿಗೆ, ಅನುಮತಿ ಕೊಟ್ಟವರಿಗೆ ಕೃತಜ್ಞತೆ ಸಲ್ಲಿಸಿದರೆ ಸಾಕು. ಕೃತಕ ಬುದ್ಧಿಮತ್ತೆಯ ಸಾಧನ ಲೇಖಕನಾಗುವಂತಿಲ್ಲ, ಬಳಸಿದ್ದರೆ ಎಲ್ಲಿ ಬಳಸಿದಿರಿ ಎಂದು ಹೇಳಬೇಕು. ಹೆಸರುಗಳ ಕ್ರಮವನ್ನು ಕೆಲಸ ಆರಂಭಿಸುವ ಮುನ್ನವೇ ಗೈಡ್ ಜೊತೆ ಮಾತಾಡಿ, ಒಂದು ಇಮೇಲ್ ರೂಪದಲ್ಲಿ ದಾಖಲಿಸಿ. ‘ಸರ್, ನಂತರ ಮರೆಯಬಾರದೆಂದು ನಾವು ಮಾತಾಡಿದ್ದನ್ನು ಬರೆದಿಟ್ಟಿದ್ದೇನೆ’ ಎಂದು ವಿನಯದಿಂದ ಬರೆದರೆ ಯಾರಿಗೂ ಬೇಸರವಾಗುವುದಿಲ್ಲ.

ಮೂರು ದಿನಗಳಲ್ಲಿ ಪ್ರಕಟಿಸುತ್ತೇವೆ, ಇಷ್ಟು ಸಾವಿರ ಕಟ್ಟಿ ಎಂಬ ಇಮೇಲ್ ಬಂದರೆ ಅಳಿಸಿಬಿಡಿ. ಒಪ್ಪಿತ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿಯನ್ನು 2025ರಲ್ಲಿ ನಿಲ್ಲಿಸಲಾಗಿದೆ, ಆದ್ದರಿಂದ ಜರ್ನಲ್ ಆರಿಸುವ ಹೊಣೆ ಈಗ ನಿಮ್ಮ ಮತ್ತು ಸಂಸ್ಥೆಯ ಮೇಲೆಯೇ ಇದೆ. ನೀವು ಓದಿ ಉಲ್ಲೇಖಿಸಿದ ಲೇಖನಗಳು ಯಾವ ಜರ್ನಲ್‌ಗಳಲ್ಲಿ ಬಂದಿವೆಯೋ ಅಲ್ಲಿಂದಲೇ ಶುರು ಮಾಡಿ. ಸಂಪಾದಕ ಮಂಡಳಿಯವರ ಹೆಸರು ಅವರವರ ಸಂಸ್ಥೆಯ ಜಾಲತಾಣದಲ್ಲೂ ಇದೆಯೇ ನೋಡಿ. ಒಳ್ಳೆಯ ಜರ್ನಲ್‌ಗಳ ಹೆಸರಿನಲ್ಲೇ ನಕಲಿ ಜಾಲತಾಣಗಳಿವೆ, ವಿಳಾಸವನ್ನು ಅಕ್ಷರಕ್ಷರ ಪರಿಶೀಲಿಸಿ. ತಿರಸ್ಕೃತವಾದರೆ ವಿಮರ್ಶಕರ ಟಿಪ್ಪಣಿಗಳನ್ನು ಸರಿಪಡಿಸಿ ಮುಂದಿನದಕ್ಕೆ ಕಳುಹಿಸಿ. ಒಂದೇ ಹೊತ್ತಿಗೆ ಎರಡು ಕಡೆ ಕಳುಹಿಸಬಾರದು.

ಎಂಬಿಬಿಎಸ್ ಹಂತದಲ್ಲೇ ಇವೆಲ್ಲವನ್ನೂ ಒಮ್ಮೆ ಮಾಡಿ ನೋಡುವ ಆಸೆಯಿದ್ದರೆ ವೈದ್ಯಕೀಯ ಸಂಶೋಧನಾ ಮಂಡಳಿಯ ಎರಡು ತಿಂಗಳ ಅಲ್ಪಾವಧಿ ವಿದ್ಯಾರ್ಥಿ ಯೋಜನೆ ಇದೆ. 1979ರಿಂದ ನಡೆದುಬಂದಿರುವ ಅದಕ್ಕೆ ಅರ್ಜಿ ಹಾಕಿ.

ಕೊಟ್ಟವರಿಗೆ ಹಿಂದಿರುಗಿಸುವುದು

ಪ್ರಬಂಧ ಸಲ್ಲಿಸಿದ ಮೇಲೆ ಹೆಚ್ಚಿನವರು ಇಲ್ಲಿಗೇ ಕೈ ತೊಳೆದುಕೊಳ್ಳುತ್ತಾರೆ. ಮತ್ತೆ ಮತ್ತೆ ಸಮೀಕ್ಷೆಗೆ ಒಳಗಾದ ಊರಿನವರು ‘ಬರೆದುಕೊಂಡು ಹೋಗುತ್ತಾರೆ, ಆಮೇಲೆ ಒಬ್ಬರೂ ಬರುವುದಿಲ್ಲ’ ಎನ್ನುವುದರಲ್ಲಿ ತಪ್ಪಿಲ್ಲ. ಸಿನಾಪ್ಸಿಸ್‌ನ ಕಾಲಪಟ್ಟಿಯಲ್ಲೇ ಇದಕ್ಕೆ ಎರಡು ವಾರ ಇಡಿ.

ಎರಡು ಹಾಳೆಗಳು ಬೇಕು. ಮೊದಲನೆಯದು ರೋಗ ನಿಯಂತ್ರಣಾಧಿಕಾರಿಗೆ ಮತ್ತು ಆರೋಗ್ಯ ಕೇಂದ್ರಗಳ ವೈದ್ಯಾಧಿಕಾರಿಗಳಿಗೆ, ಕನ್ನಡದಲ್ಲಿ, ಒಂದೇ ಪುಟ: ಎಷ್ಟು ಮಂದಿಯಲ್ಲಿ ಎಷ್ಟು ಮಂದಿ ಮುಗಿಸಿದರು, ಯಾವ ದಿನದ ಆಸುಪಾಸು ಬಿಟ್ಟರು, ಯಾವ ದಿನ ಭೇಟಿ ಕೊಟ್ಟರೆ ಉಪಯೋಗ. ಯಾವ ಶೆಡ್, ಯಾವ ಗುತ್ತಿಗೆದಾರ ಎಂಬುದು ಬೇಡ. ಅದನ್ನು ಅಂಚೆಯಲ್ಲಿ ಕಳುಹಿಸದೆ ಮಾಸಿಕ ಸಭೆಯಲ್ಲಿ ಹತ್ತು ನಿಮಿಷ ಕೇಳಿ ಪಡೆದು ನೀವೇ ಹೇಳಿ. ಎರಡನೆಯದು ಶೆಡ್ಡಿನವರಿಗೆ. ನೀವು ಮಾತಾಡಿಸಿದವರು ಅಷ್ಟರಲ್ಲಿ ಬೇರೆ ಕಡೆ ಹೋಗಿರಬಹುದು, ಅವರ ಜಾಗದಲ್ಲಿ ಬಂದವರಿಗೂ ಅದೇ ಜ್ವರ ಬರುತ್ತದೆ. ಆದ್ದರಿಂದ ಓದಿ ಹೇಳುವಂತಿರಲಿ, ಹಿಂದಿ, ಬಾಂಗ್ಲಾ, ಒಡಿಯಾದಲ್ಲೂ ಇರಲಿ: ಜ್ವರ ಬಿಟ್ಟರೂ 14 ದಿನ ಮಾತ್ರೆ, ಖಾಲಿ ಹೊಟ್ಟೆಯಲ್ಲಿ ಬೇಡ, ಮೂತ್ರ ಕಪ್ಪಾದರೆ ನಿಲ್ಲಿಸಿ ಆಸ್ಪತ್ರೆಗೆ, ಹತ್ತಿರದ ಆರೋಗ್ಯ ಕೇಂದ್ರ ಇಂಥದ್ದು. ಪ್ರಶ್ನಾವಳಿಯ ಎಲ್ಲ ಭಾಷೆಗಳ ಪ್ರತಿಗಳನ್ನೂ, ಕೋಡ್‌ಗಳ ವಿವರಣೆಯನ್ನೂ, ಹೆಸರು ತೆಗೆದ ಮಾಹಿತಿಯ ಫೈಲನ್ನೂ ಕಮಿಟಿಯ ಒಪ್ಪಿಗೆಯೊಂದಿಗೆ ವಿಭಾಗದಲ್ಲಿ ಬಿಟ್ಟುಹೋಗಿ. ಮುಂದಿನ ವರ್ಷ ಉಡುಪಿಯಲ್ಲೋ ಸುರತ್ಕಲ್‌ನಲ್ಲೋ ಇದೇ ಪ್ರಶ್ನೆ ಕೇಳಹೊರಟವರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುವುದಿಲ್ಲ.